ಎರಡಡಿಯ ಹಳಿ, ಏಳು ಸಾವಿರ ಅಡಿಯ ಏರು

ಗಾಲಿಯೂ ಉಕ್ಕು, ಹಳಿಯೂ ಉಕ್ಕು; ಎರಡೂ ನುಣುಪು. ನುಣುಪಾದ ಹಳಿಯ ಮೇಲೆ ನುಣುಪಾದ ಗಾಲಿಯು ಹಗುರವಾಗಿ ಉರುಳುವುದರಿಂದಲೇ ಒಂದು ಎಂಜಿನು ಸಾವಿರಾರು ಟನ್ ಸರಕನ್ನು ಬಯಲಿನಲ್ಲಿ ಎಳೆದೊಯ್ಯಬಲ್ಲುದು. ಆದರೆ ಬಯಲಿನಲ್ಲಿ ವರವಾದ ಈ ನುಣುಪೇ ಬೆಟ್ಟದ ಬುಡದಲ್ಲಿ ತೊಡಕಾಗುತ್ತದೆ. ಏರು ಕಡಿದಾದಂತೆಲ್ಲ ಗಾಲಿಗಳು ಹಳಿಯನ್ನು ಹಿಡಿಯಲಾರದೆ ನಿಂತಲ್ಲಿಯೇ ಗಿರ್ರನೆ ತಿರುಗತೊಡಗುತ್ತವೆ. ಹಾಗಿದ್ದರೆ ರೈಲು ಪರ್ವತವನ್ನು ಹತ್ತುವುದು ಹೇಗೆ?

ಈ ಪ್ರಶ್ನೆಗೆ ಎಂಜಿನಿಯರರು ಕೊಟ್ಟಿರುವ ಉತ್ತರಗಳು ಹಲವು. ಉದಕಮಂಡಲಕ್ಕೆ ಹೋಗುವ ನೀಲಗಿರಿ ರೈಲಿನಲ್ಲಿ ಪ್ರಯಾಣ ಮಾಡಿದವರು ಎರಡು ಹಳಿಗಳ ನಡುವೆ ಹಲ್ಲುಪಟ್ಟಿಯಿರುವುದನ್ನು ನೋಡಿರಬಹುದು. ಎಂಜಿನಿನ ಹಲ್ಲುಗಾಲಿಯು ಅದನ್ನು ಕಚ್ಚಿ ಹಿಡಿದು ಮೇಲೇರುತ್ತದೆ. ಕಾಲ್ಕಾದಿಂದ ಶಿಮ್ಲಾಕ್ಕೆ ಮಾರ್ಗ ಕಟ್ಟಿದವರು ನೂರಕ್ಕೂ ಹೆಚ್ಚು ಸುರಂಗಗಳನ್ನು ಕೊರೆದರು. ಹಲ್ಲುಪಟ್ಟಿಯ ನೆರವಿಲ್ಲದೆ, ಒಂದು ಸುರಂಗವನ್ನೂ ಕೊರೆಯದೆ ಹಿಮಾಲಯವನ್ನೇರಿದ್ದು ಡಾರ್ಜಿಲಿಂಗಿನ ರೈಲು. ಅದರ ಹಳಿಗಳ ನಡುವಿನ ಅಂತರ ಎರಡೇ ಅಡಿ.

ಗಾಡಿರಸ್ತೆಯ ಅಂಚಿನಲ್ಲಿ

1878ರಲ್ಲಿ ರೈಲುದಾರಿಯು ಬೆಟ್ಟದ ಬುಡದಲ್ಲಿರುವ ಸಿಲಿಗುರಿಯನ್ನು ಮುಟ್ಟಿತು. ಅಲ್ಲಿಂದ ಡಾರ್ಜಿಲಿಂಗಿಗೆ ಇದ್ದುದು ಹಿಲ್ ಕಾರ್ಟ್ ರಸ್ತೆಯೆಂಬ ಗಾಡಿದಾರಿ. ಚಹ ಕೆಳಗಿಳಿಯುವುದಕ್ಕೂ ಅಕ್ಕಿ ಮೇಲೇರುವುದಕ್ಕೂ ಎತ್ತಿನ ಗಾಡಿಯೇ ಗತಿಯಾಗಿತ್ತು. ಸಿಲಿಗುರಿಯ ಅಕ್ಕಿಯು ಬೆಟ್ಟದ ಮೇಲೆ ತಲಪುವ ವೇಳೆಗೆ ಅದರ ಬೆಲೆ ಎರಡು ಪಟ್ಟಿಗಿಂತಲೂ ಹೆಚ್ಚಾಗುತ್ತಿತ್ತು.

ಈಸ್ಟರ್ನ್ ಬೆಂಗಾಲ್ ರೈಲ್ವೆಯ ಏಜೆಂಟನಾಗಿದ್ದ ಫ್ರಾಂಕ್ಲಿನ್ ಪ್ರೆಸ್ಟೇಜ್ ಎಂಬಾತನು ಇದಕ್ಕೊಂದು ಸರಳವಾದ ಪರಿಹಾರವನ್ನು ಸೂಚಿಸಿದನು. ಹೊಸ ದಾರಿಯನ್ನು ಕಡಿಯುವುದೇಕೆ? ಇರುವ ರಸ್ತೆಯ ಅಂಚಿನಲ್ಲೇ ಕಿರಿದಾದ ಹಳಿಗಳನ್ನು ಹಾಸಿ ಉಗಿಬಂಡಿಯನ್ನು ಓಡಿಸಬಾರದೇಕೆ? ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಸರ್ ಆಷ್ಲಿ ಈಡನ್ ಈ ಯೋಜನೆಗೆ ಒಪ್ಪಿಗೆಯಿತ್ತನು. 1879ರಲ್ಲಿ ಕೆಲಸ ಮೊದಲಾಯಿತು. 1880ರಲ್ಲಿ ಹಳಿಗಳು ಕುರ್ಸಿಯಾಂಗನ್ನು ತಲಪಿದವು. 1881ರ ಜುಲೈಯಲ್ಲಿ ಡಾರ್ಜಿಲಿಂಗಿಗೆ ರೈಲು ಬಂದಿತು. ಹಿಮಾಲಯದಂತಹ ಪರ್ವತದಲ್ಲಿ ಸುಮಾರು 80 ಕಿಲೋಮೀಟರು ಉದ್ದದ ಮಾರ್ಗವು ಎರಡೇ ವರ್ಷಗಳಲ್ಲಿ ಸಿದ್ಧವಾದದ್ದು ಆಶ್ಚರ್ಯವೆನಿಸಬಹುದು. ಆದರೆ ದಾರಿಯನ್ನು ಕಡಿಯುವ ಕಷ್ಟದ ಕೆಲಸವನ್ನು ರಸ್ತೆ ಕಟ್ಟಿದ ಕೂಲಿಗಳು ಅದಕ್ಕೆ ಮುಂಚೆಯೇ ಮಾಡಿ ಮುಗಿಸಿದ್ದರೆಂಬುದನ್ನು ಮರೆಯಬಾರದು.

ಕಿರಿದಾದ ಹಳಿಯ ಗುಟ್ಟು

ಗಾಡಿರಸ್ತೆಯು ಬೆಟ್ಟದ ಮಡಿಕೆಗಳನ್ನು ಅನುಸರಿಸಿ ಹಾವಿನಂತೆ ಹರಿಯುತ್ತದೆ. ಅದರ ಬಗಲಿನಲ್ಲಿಯೇ ಸಾಗಬೇಕಾದ ರೈಲು ಅಷ್ಟೇ ಚುರುಕಾಗಿ ತಿರುಗಬೇಕು. ಅಗಲವಾದ ಹಳಿಯ ಮೇಲೆ ಇದು ಸಾಧ್ಯವಿಲ್ಲ. ಏಕೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು.

ರೈಲಿನ ಎಡಬಲದ ಗಾಲಿಗಳು ಒಂದೇ ಅಚ್ಚಿಗೆ ಬಿಗಿದುಕೊಂಡಿರುತ್ತವೆ. ಆದ್ದರಿಂದ ಎರಡೂ ಒಂದೇ ಸಮನೆ ಸುತ್ತಬೇಕು. ಆದರೆ ತಿರುವಿನಲ್ಲಿ ಹೊರಗಿನ ಹಳಿಯು ಒಳಗಿನದಕ್ಕಿಂತ ಉದ್ದವಾಗಿರುತ್ತದೆ. ಹಳಿಯು ಒಂದು ಪೂರ್ಣ ವೃತ್ತವನ್ನು ಸುತ್ತಿದರೆ ಈ ಹೆಚ್ಚಳವು, ಹಳಿಗಳ ನಡುವಿನ ಅಂತರವನ್ನು ಪೈಯ ಎರಡರಷ್ಟರಿಂದ ಗುಣಿಸಿದಷ್ಟಾಗುತ್ತದೆ. ಐದೂವರೆ ಅಡಿಯ ಬ್ರಾಡ್ ಗೇಜಿನಲ್ಲಿ ಅದು ಸುಮಾರು 35 ಅಡಿ. ಎರಡಡಿಯ ಹಳಿಯಲ್ಲಿ ಕೇವಲ ಹನ್ನೆರಡೂವರೆ ಅಡಿ. ಅಂತರ ಕಿರಿದಾದಷ್ಟೂ ಗಾಲಿಯ ಜಾರುವಿಕೆಯೂ ಸವೆತವೂ ಕಡಮೆ. ಜೊತೆಗೆ ಎಂಜಿನು ಗಿಡ್ಡ, ಅದರ ಮುಂದಿನ ಮತ್ತು ಹಿಂದಿನ ಅಚ್ಚುಗಳೂ ಒತ್ತೊತ್ತಾಗಿವೆ. ಹೀಗಾಗಿ ತಿಂಧಾರಿಯಾ ದಾಟಿದ ಬಳಿಕ ಬರುವ ‘ಅಗೊನಿ ಪಾಯಿಂಟ್’ ಎಂಬಲ್ಲಿ ಸುಮಾರು 60 ಅಡಿಯ ತ್ರಿಜ್ಯವುಳ್ಳ ತಿರುವಿನಲ್ಲಿಯೂ ಈ ರೈಲು ಸಾಗಬಲ್ಲುದು.

ಸುತ್ತು ಮತ್ತು ಹಿನ್ನಡೆ

ತಿರುಗುವುದು ಸಾಧ್ಯವಾದರೂ ಹತ್ತುವ ಸಮಸ್ಯೆ ಉಳಿಯಿತು. ರಸ್ತೆಯ ಕೆಲವು ಏರುಗಳು ಎಂಜಿನಿಗೆ ತೀರ ಕಡಿದಾದುವು. ಅವುಗಳನ್ನು ಸಡಿಲಿಸಲು 1882ರಿಂದಾಚೆಗೆ ಎರಡು ಉಪಾಯಗಳನ್ನು ಮಾಡಲಾಯಿತು.

ಮೊದಲನೆಯದು ಸುತ್ತು. ಹಳಿಯು ಒಂದು ಗುಡ್ಡದ ಸುತ್ತ ವೃತ್ತಾಕಾರವಾಗಿ ಏರುತ್ತ ಬಂದು, ತಾನು ಕೆಳಗೆ ಹಾದುಹೋದ ಜಾಗವನ್ನು ತಾನೇ ಮೇಲಿನಿಂದ ದಾಟುತ್ತದೆ. ಇಂತಹ ಸುತ್ತುಗಳು ಇಂದು ಮೂರು ಉಳಿದಿವೆ. ಘೂಮ್ ಮತ್ತು ಡಾರ್ಜಿಲಿಂಗುಗಳ ನಡುವೆ 1919ರಲ್ಲಿ ಕಟ್ಟಿದ ಬತಾಸಿಯಾ ಸುತ್ತು ಇವುಗಳಲ್ಲಿ ಪ್ರಸಿದ್ಧವಾದುದು.

ಎರಡನೆಯದು ಹಿನ್ನಡೆ. ಸುತ್ತಲು ಸ್ಥಳವಿಲ್ಲದ ಕಡಿದಾದ ಪಾರ್ಶ್ವದಲ್ಲಿ ರೈಲು ಮುಂದಕ್ಕೆ ಹೋಗಿ ನಿಲ್ಲುತ್ತದೆ. ಅದರ ಹಿಂದಿನ ಹಳಿಯನ್ನು ಬದಲಿಸುತ್ತಾರೆ. ರೈಲು ಹಿಂದುಹಿಂದಾಗಿಯೇ ಎರಡನೆಯ ಹಳಿಯ ಮೇಲೆ ಹತ್ತುತ್ತದೆ. ಮತ್ತೆ ನಿಂತು, ಹಳಿ ಬದಲಿಸಿಕೊಂಡು, ಮೂರನೆಯದರ ಮೇಲೆ ಮುಂದಕ್ಕೆ ಏರುತ್ತದೆ. ಹಳಿಗಳ ಆಕಾರ ಇಂಗ್ಲಿಷಿನ ‘ಜ಼ೆಡ್’ ಅಕ್ಷರವನ್ನು ಹೋಲುತ್ತದೆ. ಇಂತಹವು ಆರಿವೆ. ಭಾರವಾದ ಹೊರೆ ಹೊತ್ತು ಗುಡ್ಡ ಹತ್ತುವ ರೈತನು ನೇರವಾಗಿ ಏರದೆ ಓರೆಯಾಗಿ ಅತ್ತಿತ್ತ ನಡೆದು ಏರುವುದೂ ಇದೇ ತತ್ತ್ವದ ಮೇಲೆ.

ಹಿಡಿ ಮರಳಿನ ಬೆಲೆ

1889ರಿಂದ 1920ರ ದಶಕದವರೆಗೆ ಈ ಮಾರ್ಗಕ್ಕಾಗಿ ‘ಬಿ’ ವರ್ಗದ 34 ಎಂಜಿನುಗಳನ್ನು ಕಟ್ಟಲಾಯಿತು. ಇವುಗಳಿಗೆ ಇರುವುದು ನಾಲ್ಕೇ ಗಾಲಿಗಳು; ನಾಲ್ಕನ್ನೂ ಉಗಿಯೇ ತಿರುಗಿಸುತ್ತದೆ. ನೀರಿನ ತೊಟ್ಟಿಯನ್ನು ಕುದುರೆಯ ಜೀನಿನಂತೆ ಬಾಯ್ಲರಿನ ಮೇಲೆಯೇ ಹೊದಿಸಿದೆ, ಕಲ್ಲಿದ್ದಲನ್ನೂ ಎಂಜಿನಿನ ಮೇಲೆಯೇ ಹೇರಿದೆ. ಹೊತ್ತ ಭಾರವೆಲ್ಲ ಎಳೆಯುವ ಗಾಲಿಗಳ ಮೇಲೆಯೇ ಬಿದ್ದು, ಅವು ಹಳಿಯನ್ನು ಒತ್ತಿ ಹಿಡಿಯುತ್ತವೆ.

ಎಂಜಿನಿನ ತೂಕ 14 ಟನ್, ಅದು ಎಳೆಯುವ ಡಬ್ಬಿಗಳದು 26 ಟನ್ ಎಂದಿಟ್ಟುಕೊಳ್ಳೋಣ. 25 ಅಡಿಗೆ ಒಂದಡಿ ಏರುವ ಹಾದಿಯಲ್ಲಿ ಈ 40 ಟನ್ನಿನ ಇಪ್ಪತ್ತೈದನೆಯ ಒಂದು ಪಾಲು, ಅಂದರೆ 1.6 ಟನ್ನಿನಷ್ಟು ಬಲವು ರೈಲನ್ನು ಕೆಳಕ್ಕೆ ಜಗ್ಗುತ್ತಿರುತ್ತದೆ. ಒಣಗಿದ ಹಳಿಯ ಮೇಲೆ ಗಾಲಿಯ ಹಿಡಿತವು ಎಂಜಿನಿನ ತೂಕದ ಸುಮಾರು ಕಾಲು ಪಾಲು, ಎಂದರೆ 3.5 ಟನ್, ಚಿಂತೆಯಿಲ್ಲ. ಆದರೆ ಮಳೆ ಮಂಜುಗಳಿಂದ ತೊಯ್ದ ಹಳಿಯಲ್ಲಿ ಅದು ಹತ್ತರಲ್ಲೊಂದು ಪಾಲಿಗೆ, ಎಂದರೆ 1.4 ಟನ್ನಿಗೆ ಇಳಿಯಬಹುದು. ಆಗ ಉಗಿ ಎಷ್ಟಿದ್ದರೇನು? ಗಾಲಿ ಜಾರಿಯೇ ಜಾರುತ್ತದೆ.

ಇದಕ್ಕಾಗಿಯೇ ಉಗಿ ಎಂಜಿನಿನ ಮೂತಿಯ ಮೇಲೆ ಇಬ್ಬರು ಕುಳಿತು, ಜಾರುವೆಡೆಯಲ್ಲಿ ಹಳಿಗಳ ಮೇಲೆ ಕೈಯಿಂದ ಮರಳು ಸುರಿಯುತ್ತ ಸಾಗುತ್ತಿದ್ದರು. ಚಾಲಕ, ಬೆಂಕಿಗೆ ಇದ್ದಲು ಹಾಕುವವ, ಇದ್ದಲು ಒಡೆಯುವವ, ಮರಳು ಹಾಕುವ ಇಬ್ಬರು, ಹೀಗೆ ಅಷ್ಟು ಚಿಕ್ಕ ಎಂಜಿನಿಗೆ ಐವರು ಆಳುಗಳು. ಚಳಿಗಾಳಿಯಲ್ಲಿ ಗಾಲಿಯಿಂದ ಕೆಲವೇ ಅಡಿ ದೂರದಲ್ಲಿ ಕುಳಿತ ಆ ಇಬ್ಬರ ಎಚ್ಚರದ ಮೇಲೆ ಇಡೀ ರೈಲಿನ ಏರಾಟವು ನಿಂತಿತ್ತು.

ಪರ್ವತದೊಡನೆ ಬಾಳು

ಈ ರೈಲು 2258 ಮೀಟರು ಎತ್ತರದ ಘೂಮ್ ನಿಲ್ದಾಣವನ್ನು ಮುಟ್ಟಿ, ಅಲ್ಲಿಂದ ಡಾರ್ಜಿಲಿಂಗಿಗೆ ಇಳಿಯುತ್ತದೆ. ಬೆಟ್ಟವನ್ನು ಕೊರೆಯದೆ ಅದರ ಮೈಯನ್ನೇ ತಬ್ಬಿ ನಡೆದದ್ದರಿಂದ ಮಾರ್ಗವು ಅಗ್ಗವಾಗಿ, ಬೇಗನೆ ಸಿದ್ಧವಾಯಿತು. ಆದರೆ ಆ ಅಗ್ಗಕ್ಕೂ ಒಂದು ಬೆಲೆಯುಂಟು. ಬೆಟ್ಟದ ಮೈ ಕುಸಿದಾಗ ಹಳಿಯೂ ಅದರೊಡನೆ ಕುಸಿಯುತ್ತದೆ. ತೀಸ್ತಾ ಕಣಿವೆಯಲ್ಲಿದ್ದ ಇದರ ಕವಲು ಮಾರ್ಗವು 1950ರ ಪ್ರವಾಹದಲ್ಲಿ ಹಾಳಾಗಿ ಮುಚ್ಚಿಹೋಯಿತು. 2010ರಲ್ಲಿ ಪಾಗ್ಲಾಝೋರಾದ ಬಳಿ, ಮರುವರ್ಷ ತಿಂಧಾರಿಯಾದ ಬಳಿ ಭಾರಿ ಕುಸಿತಗಳಾದವು. ಆಗ ಕಡಿದುಹೋದ ಪೂರ್ಣ ಸಂಚಾರವು ಮತ್ತೆ ಕೂಡಿಬಂದದ್ದು 2015ರ ಕೊನೆಯಲ್ಲಿ. ಎತ್ತಿನ ಗಾಡಿಯನ್ನು ಸೋಲಿಸಿದ ರೈಲನ್ನು ಅದೇ ರಸ್ತೆಯ ಮೇಲೆ ಬಂದ ಲಾರಿ ಮತ್ತು ಜೀಪುಗಳು ಸೋಲಿಸಿದವು. ಸರಕೆಲ್ಲ ಅವುಗಳ ಪಾಲಾಯಿತು.

1999ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಮಾರ್ಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆಸ್ಟ್ರಿಯದ ಸೆಮ್ಮರಿಂಗ್ ಮಾರ್ಗದ ಬಳಿಕ ಈ ಮನ್ನಣೆ ಪಡೆದ ಎರಡನೆಯ ರೈಲುದಾರಿ ಇದು. 2000ದಲ್ಲಿ ಡೀಸೆಲ್ ಎಂಜಿನುಗಳು ಬಂದವು; ಆದರೂ ಕೆಲವು ಹಳೆಯ ಉಗಿ ಎಂಜಿನುಗಳು ಇನ್ನೂ ಪ್ರವಾಸಿಗರನ್ನು ಹೊತ್ತು ಓಡಾಡುತ್ತಿವೆ. ಅವನ್ನು ಕಟ್ಟಿದ ಬ್ರಿಟನ್ ಮತ್ತು ಅಮೆರಿಕದ ಕಂಪನಿಗಳು ಮುಚ್ಚಿ ದಶಕಗಳೇ ಕಳೆದಿವೆ. ಸವೆದ ಭಾಗಕ್ಕೆ ಬದಲಿ ಬೇಕಾದರೆ ಪೇಟೆಯಲ್ಲಿ ಸಿಕ್ಕುವುದಿಲ್ಲ. ಕುಶಲಿಗಳಾದ ಕೆಲಸಗಾರರು ಮಾಡಿಯೇ ತೀರಬೇಕು.

ಆದ್ದರಿಂದ ಇಲ್ಲಿ ಉಳಿಸಿಕೊಳ್ಳಬೇಕಾದದ್ದು ಹಳೆಯ ಕಬ್ಬಿಣವನ್ನು ಮಾತ್ರವಲ್ಲ. ಕಾಡು ನಿಂತು ಮಣ್ಣನ್ನು ಹಿಡಿದರೆ, ಮಳೆನೀರಿನ ಕಾಲುವೆಗಳು ತೆರೆದಿದ್ದರೆ, ಹಳಿಗೆ ನೆಲೆಯುಂಟು. ಎಂಜಿನನ್ನು ಬಿಚ್ಚಿ ಜೋಡಿಸುವ ಕೈಗಳು ತಮ್ಮ ವಿದ್ಯೆಯನ್ನು ಕಿರಿಯರಿಗೆ ಕಲಿಸಿದರೆ ರೈಲಿಗೆ ಬಾಳುಂಟು. ಎರಡಡಿಯ ಹಳಿಯು ನೂರ ನಲವತ್ತಕ್ಕೂ ಹೆಚ್ಚು ವರ್ಷ ಬಾಳಿರುವುದು ಈ ಎರಡರ ಬಲದಿಂದಲೇ.