ಸುಳೇಭಾವಿಯ ಮಳೆ, ಲಾಸ್ ಏಂಜಲೀಸಿನ ಬಿಸಿಲು

ಮೂರು ನಿಮಿಷ, ಹೆಚ್ಚೆಂದರೆ ಮೂರೂವರೆ. 78 ಸುತ್ತಿನ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಲ್ಲಿ ಗವಾಯಿಗೆ ಸಿಗುತ್ತಿದ್ದದ್ದು ಅಷ್ಟೇ ಹೊತ್ತು. ಆಲಾಪ, ಬಂದಿಶ್, ತಾನ ಎಲ್ಲವೂ ಅಷ್ಟರೊಳಗೇ ಮುಗಿಯಬೇಕು. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠನಿಗೆ ಇಂಥ ಪ್ಲೇಟುಗಳೇ ಮೊದಲ ಪಾಠಶಾಲೆ. ದೊಡ್ಡ ದೊಡ್ಡ ಗವಾಯಿಗಳ ಹಾಡು ಕೇಳಿ, ಅದೇ ತಿರುವು, ಅದೇ ತಾನ, ಅದೇ ದನಿಯ ಗತ್ತಿನಲ್ಲಿ ಆ ಪೋರ ಒಪ್ಪಿಸಿಬಿಡುತ್ತಿದ್ದ. ಸ್ವಾಮಿಗಳೊಬ್ಬರು ‘ಕುಮಾರ ಗಂಧರ್ವ’ ಎಂದು ಕರೆದರು. ಆ ಹೆಸರೇ ನಿಂತಿತು. ಮೂವತ್ತರ ದಶಕದ ನಡುವಿನಲ್ಲಿ ಮುಂಬಯಿಯ ಜಿನ್ನಾ ಹಾಲಿನಲ್ಲಿ ಹಾಡಿದಾಗ ಸಂಗೀತಗಾರರೇ ಎದ್ದು ಬಂದು ಮೆಚ್ಚಿದರು. ಆಮೇಲೆ ಬಿ.ಆರ್. ದೇವಧರರ ಬಳಿ ಕ್ರಮವಾದ ಕಲಿಕೆ.

ಅಲ್ಲಿಗೆ ಕತೆ ಮುಗಿದಿದ್ದರೆ ‘ಬಾಲಪ್ರತಿಭೆ’ಗಳ ಪಟ್ಟಿಯಲ್ಲಿ ಇನ್ನೊಂದು ಹೆಸರು ಸೇರುತ್ತಿತ್ತು, ಅಷ್ಟೇ.

ಮೊದಲ ಯಶಸ್ಸು ಹಲವು ಸಲ ಸಂಗೀತಗಾರನ ಸ್ವಂತದ್ದಾಗಿರುವುದಿಲ್ಲ. ಅರವತ್ತರ ದಶಕದ ಅಮೆರಿಕದಿಂದ ಒಂದು ಉದಾಹರಣೆ ಕೊಡಬಹುದು. ಕ್ಯಾಲಿಫೋರ್ನಿಯಾದಲ್ಲಿ ಆಗ ಹುಟ್ಟಿದ ಒಂದು ಬಗೆಯ ಹಾಡಿಗೆ ಮುಂದೆ ‘ಸನ್‌ಶೈನ್ ಪಾಪ್’ ಎಂಬ ಹೆಸರು ಬಿತ್ತು. ಹಲವು ಕಂಠಗಳು ಒಂದರ ಮೇಲೊಂದು ಕೂತ ಮೇಳ, ಪಿಟೀಲುಗಳ ತುಂಬು ಹಿನ್ನೆಲೆ, ಕೇಳಿದರೆ ಮೈಮೇಲೆ ಎಳೆಬಿಸಿಲು ಬಿದ್ದ ಹಾಗೆ. ಲಾಸ್ ಏಂಜಲೀಸಿನ ಐವರು ಕಪ್ಪು ಗಾಯಕರ ‘ಫಿಫ್ತ್ ಡೈಮೆನ್ಶನ್’ ತಂಡ 1967ರಲ್ಲಿ ಬಿಸಿಗಾಳಿ ಬಲೂನಿನ ಒಂದು ಹಾಡಿನಿಂದ ಮನೆಮಾತಾಯಿತು. ‘ಅಪ್, ಅಪ್ ಅಂಡ್ ಅವೇ’ ಎಂಬ ಆ ಹಾಡಿಗೆ ಮರುವರ್ಷ ಗ್ರ್ಯಾಮಿಯಲ್ಲಿ ವರ್ಷದ ಹಾಡು, ವರ್ಷದ ರೆಕಾರ್ಡ್ ಎರಡೂ ಗೌರವ ಸಿಕ್ಕವು. ಬರೆದವನು ಜಿಮ್ಮಿ ವೆಬ್, ಇಪ್ಪತ್ತರ ಆಸುಪಾಸಿನ ಹುಡುಗ.

ಗೆದ್ದ ತಂಡ ಅಂಥದೇ ಇನ್ನೊಂದು ಬಲೂನು ಹಾರಿಸಬೇಕಿತ್ತು. ಎರಡನೇ ಆಲ್ಬಂ ‘ದಿ ಮ್ಯಾಜಿಕ್ ಗಾರ್ಡನ್’ನಲ್ಲಿ ಅವರು ಮಾಡಿದ್ದೇ ಬೇರೆ. ಬೀಟಲ್ಸ್‌ನ ಒಂದು ಹಾಡು ಬಿಟ್ಟರೆ ಉಳಿದದ್ದೆಲ್ಲ ವೆಬ್‌ನದೇ. ಮುನ್ನುಡಿಯಿಂದ ಹಿನ್ನುಡಿಯವರೆಗೆ ಒಂದು ಪ್ರೇಮ ಅರಳಿ ಮುರಿದುಬೀಳುವ ಒಂದೇ ಎಳೆ. ಒಂದು ಹಾಡಿನ ಹೆಸರಿನಲ್ಲಿ ಮನೆ ನಂಬರೇ ಇದೆ. ದನಿಯಲ್ಲಿ ಬಿಸಿಲು, ಮಾತಿನಲ್ಲಿ ಸಂಕಟ. ಮೊದಲ ಆಲ್ಬಂನಷ್ಟು ಇದು ಓಡಲಿಲ್ಲ, ಆದರೆ ತೂಕ ಇದರದೇ ಹೆಚ್ಚು. ಬೀಟಲ್ಸ್ ಹಾಡು ಮಾತ್ರ ಮಧ್ಯೆ ಯಾಕೆ ಬಂತೋ! ಕೀರ್ತನದ ನಡುವೆ ನುಗ್ಗಿದ ಲಾವಣಿಯಂತೆ ಅದು ಕತೆಯನ್ನು ಕೆಡಿಸುತ್ತದೆ.

ಇಂಥ ಕೆಲಸಕ್ಕೆ ಜಾಗ ಮಾಡಿಕೊಟ್ಟದ್ದು ಎಲ್‌ಪಿ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಹೊರತಂದ ಈ ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತ, ಒಂದು ಮಗ್ಗುಲಲ್ಲಿ ಇಪ್ಪತ್ತು ನಿಮಿಷ ದಾಟಿ ಹಾಡುತ್ತಿತ್ತು. ಹಾಡನ್ನು ಹಾಡಿಗೆ ಪೋಣಿಸುವ ಆಸೆ ಅದರಿಂದ ಬೆಳೆಯಿತು.

ಅದೇ 1948ರಲ್ಲಿ ಕುಮಾರ ಗಂಧರ್ವರು ಮಧ್ಯ ಭಾರತದ ಮಾಳವ ಸೀಮೆಯ ದೇವಾಸಕ್ಕೆ ಹೋದರು. ಕ್ಷಯ ಹಿಡಿದಿತ್ತು, ಒಣ ಹವೆ ಬೇಕು, ಹಾಡುವ ಹಾಗಿಲ್ಲ ಎಂದರು ವೈದ್ಯರು. ಹಾಡುವವನು ವರ್ಷಗಟ್ಟಲೆ ಹಾಸಿಗೆಯಲ್ಲಿ ಸುಮ್ಮನೆ ಮಲಗಬೇಕಾಯಿತು. ಹೆಂಡತಿ ಭಾನುಮತಿ ಆರೈಕೆ ಮಾಡಿದರು, ಹೊಸದಾಗಿ ಬಂದಿದ್ದ ಸ್ಟ್ರೆಪ್ಟೊಮೈಸಿನ್ ಜೀವ ಉಳಿಸಿತು. ಆ ಮೌನದಲ್ಲಿ ಕಿವಿಗೆ ಬಿದ್ದದ್ದು ಮಾಳವದ ಹೆಂಗಸರ ಹಾಡು, ಅಲೆಮಾರಿ ನಾಥಪಂಥಿಗಳ ನಿರ್ಗುಣ ಭಜನೆ. ಐವತ್ತರ ದಶಕದ ಆರಂಭದಲ್ಲಿ ವೇದಿಕೆಗೆ ಮರಳಿದಾಗ ಉದ್ದನೆಯ ಉಸಿರು ಇರಲಿಲ್ಲ. ತುಂಡು ತುಂಡಾದ, ಚುರುಕಾದ ಸ್ವರಗುಚ್ಛಗಳು, ನಡುವೆ ತಟ್ಟನೆ ನಿಲುಗಡೆ. ಘರಾಣೆಯ ಕಟ್ಟು ಮುರಿದರೆಂದು ಸಂಪ್ರದಾಯಸ್ಥರು ಗೊಣಗಿದರು. ಲೋಕಧಾಟಿಗಳ ಒಳಗಿಂದಲೇ ಮಾಲವತಿ, ಸಂಜಾರಿ, ಲಗನಗಂಧಾರದಂಥ ರಾಗಗಳನ್ನು ತೆಗೆದ ಅವರು 1965ರಲ್ಲಿ ‘ಅನೂಪರಾಗವಿಲಾಸ’ ಪುಸ್ತಕವನ್ನೂ ಪ್ರಕಟಿಸಿದರು.

ಕ್ಯಾಲಿಫೋರ್ನಿಯಾದವರು ಎಲ್‌ಪಿಯಲ್ಲಿ ಕತೆ ಹೆಣೆಯುತ್ತಿದ್ದ ಆ ವರ್ಷಗಳಲ್ಲೇ ದೇವಾಸದಲ್ಲಿ ಇಡೀ ಸಂಜೆಯನ್ನು ಒಂದೇ ವಸ್ತುವಿಗೆ ಕೊಡುವ ಕಾರ್ಯಕ್ರಮಗಳು ರೂಪುಗೊಂಡವು. ‘ಗೀತ ವರ್ಷಾ’ದಲ್ಲಿ ಮಳೆಗಾಲ ಒಂದೇ ವಸ್ತು: ಮಾಳವದ ಲೋಕಗೀತೆ, ಹಳೆಯ ಬಂದಿಶ್, ತಮ್ಮದೇ ರಚನೆ ಒಂದಾದ ಮೇಲೊಂದು. ‘ಗೀತ ಹೇಮಂತ’, ‘ಗೀತ ವಸಂತ’ ಅದರ ಜತೆಗಾರರು. ‘ತ್ರಿವೇಣಿ’ಯಲ್ಲಿ ಕಬೀರ, ಸೂರದಾಸ, ಮೀರಾ. ಒಬ್ಬರ ಕಿವಿಗೆ ಇನ್ನೊಬ್ಬರ ಸುದ್ದಿ ಬಿದ್ದಿತ್ತೆಂದಲ್ಲ.

ಮಳೆಯ ಗೀಳು ಅವರಿಗೆ ಹುಟ್ಟೂರಿನಿಂದಲೇ ಬಂತೆಂದು ಹೇಳುವುದು ಸುಲಭ, ಆದರೆ ಅತಿಯಾದೀತು. ಬೆಳಗಾವಿ ಸೀಮೆಯ ನಿಜವಾದ ಮಳೆ ಖಾನಾಪುರ ತಾಲ್ಲೂಕಿನದು. ಮಲಪ್ರಭೆ ಹುಟ್ಟುವ ಕಣಕುಂಬಿ, ಆಚೆ ಜಾಂಬೋಟಿ, ಘಟ್ಟದ ಕಾಡು. ಅಲ್ಲಿ ಕಪ್ಪಿಟ್ಟ ಮೋಡ ಬೆಳಗಾವಿ ದಾಟಿ ಪೂರ್ವದ ಸುಳೇಭಾವಿಗೆ ಬರುವಷ್ಟರಲ್ಲಿ ಬಹುಪಾಲು ಬರಿದಾಗಿರುತ್ತದೆ. ಖಾನಾಪುರದಿಂದ ಬೆಳಗಾವಿ ಹಾದು ಸುಳೇಭಾವಿಗೆ ಹೋಗುವ ರೈಲಿನಲ್ಲಿ ಆಷಾಢದಲ್ಲಿ ಕೂತರೆ ಕಿಟಕಿಯಾಚೆಗೇ ಈ ವ್ಯತ್ಯಾಸ ಕಾಣುತ್ತದೆ. ಕುಮಾರರ ಮಳೆ ಮಾತ್ರ ಮಾಳವದ್ದೇ.

ಒಂದೇ ವಸ್ತುವಿನ ಆ ಕಾರ್ಯಕ್ರಮಗಳ ಸಾಲಿನಲ್ಲಿ ಹೆಚ್ಚು ಕುತೂಹಲದ್ದು ‘ಮಲಾ ಉಮಜಲೇಲೇ ಬಾಲಗಂಧರ್ವ’, ತಮಗೆ ದಕ್ಕಿದ ಬಾಲಗಂಧರ್ವ. ಮರಾಠಿ ರಂಗಭೂಮಿಯ ಆ ಮಹಾ ಗಾಯಕನ ಪದಗಳು ಬೆಳಗಾವಿಯ ಮನೆಮನೆಯಲ್ಲೂ ಬಾಯಿಪಾಠ. ಅನುಕರಣೆಯಿಂದಲೇ ಹೆಸರಾದವರು ಇಲ್ಲಿ ಒಂದು ಸ್ವರವನ್ನೂ ಅನುಕರಿಸಲಿಲ್ಲ. ಬಾಲಗಂಧರ್ವರ ಪದ, ಕುಮಾರರ ವಿಚಾರ. ಅದು ಎಲ್‌ಪಿಯಾಗಿಯೂ ಬಂತು. ಗಾಂಧಿ ಶತಮಾನೋತ್ಸವದ ವರ್ಷ ಅವರು ಕಟ್ಟಿದ ಹೊಸ ರಾಗವೂ ಮಳೆಯ ರಾಗ ಮಲ್ಹಾರವೇ: ಗಾಂಧಿ ಮಲ್ಹಾರ.

1990ರಲ್ಲಿ ಪದ್ಮವಿಭೂಷಣ ಬಂತು, 1992ರ ಜನವರಿ 12ರಂದು ದೇವಾಸದಲ್ಲಿ ತೀರಿಕೊಂಡರು. ಬೆಳಗಾವಿಯ ರಂಗಮಂದಿರಕ್ಕೆ ಅವರ ಹೆಸರಿದೆ. ಮಗಳು ಕಲಾಪಿನಿ, ಮೊಮ್ಮಗ ಭುವನೇಶ ಆ ಹಾಡಿಕೆಯನ್ನು ಮುಂದುವರಿಸಿದ್ದಾರೆ. ಅತ್ತ ‘ಮ್ಯಾಜಿಕ್ ಗಾರ್ಡನ್’ಗೆ ಬಂದದ್ದು ಬೇರೆ ಗತಿ. ಅದರೊಳಗಿನ ಒಂದು ಹಾಡನ್ನು ಬ್ರೂಕ್ಲಿನ್ ಬ್ರಿಜ್ ಎಂಬ ಇನ್ನೊಂದು ತಂಡ ಹಾಡಿ ಗೆದ್ದಿತು. ಕಂಪನಿಯವರು ಹಿಂದುಮುಂದು ನೋಡದೆ ಇಡೀ ಆಲ್ಬಂಗೆ ಆ ಹಾಡಿನ ಹೆಸರನ್ನೇ ಇಟ್ಟು ಮತ್ತೆ ಮಾರುಕಟ್ಟೆಗೆ ಬಿಟ್ಟರು.