ಆಪ್‌ಇಮೇಜ್

ಆಪ್‌ಇಮೇಜ್ ಎಂಬುದು ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಂತ್ರಾಂಶಗಳನ್ನು ಅನುಸ್ಥಾಪನೆಯ ಗೊಡವೆಯಿಲ್ಲದೆ ಬಳಸಲು ನೆರವಾಗುವ ಕಡತ ಸ್ವರೂಪವಾಗಿದೆ. ತಂತ್ರಾಂಶವೂ ಅದಕ್ಕೆ ಬೇಕಾದ ಬಹುಪಾಲು ಲೈಬ್ರರಿಗಳೂ ಒಂದೇ ಕಡತದಲ್ಲಿ ಅಡಕವಾಗಿರುತ್ತವೆ. ಹೋದ ಊರಿನಲ್ಲಿ ಊಟ ಹುಡುಕದೆ ಬುತ್ತಿ ಕಟ್ಟಿಕೊಂಡು ಹೊರಟಂತೆ ಎನ್ನಬಹುದು.

ಇತಿಹಾಸ

ಸೈಮನ್ ಪೀಟರ್ ಅವರು 2004ರಲ್ಲಿ ಇದನ್ನು 'ಕ್ಲಿಕ್' ಎಂಬ ಹೆಸರಿನಲ್ಲಿ ಆರಂಭಿಸಿದರು. 2011ರಲ್ಲಿ 'ಪೋರ್ಟಬಲ್‌ಲಿನಕ್ಸ್‌ಆಪ್ಸ್' ಎಂದೂ 2013ರಲ್ಲಿ ಈಗಿನ ಹೆಸರಿನಿಂದಲೂ ಅದು ಕರೆಯಲ್ಪಟ್ಟಿತು. ಚಿತ್ರರಚನೆಯ ಕ್ರಿಟಾ, ಕಚೇರಿ ಬಳಕೆಯ ಲಿಬ್ರೆಆಫೀಸ್ ಮೊದಲಾದವು ಈ ಸ್ವರೂಪದಲ್ಲಿಯೂ ದೊರೆಯುತ್ತವೆ.

ಕಾರ್ಯವಿಧಾನ

ಕಡತದ ಆರಂಭದಲ್ಲಿ ಒಂದು ಪುಟ್ಟ ಚಾಲಕ ಕ್ರಮವಿಧಿಯೂ ಅದರ ಬೆನ್ನಿಗೆ ಸ್ಕ್ವಾಶ್‌ಎಫ್‌ಎಸ್ ವಿಧಾನದಲ್ಲಿ ಸಂಕುಚಿತಗೊಳಿಸಿದ ಕಡತ ವ್ಯವಸ್ಥೆಯೂ ಇರುತ್ತವೆ. ಕಡತವನ್ನು ತೆರೆದೊಡನೆ ಚಾಲಕವು ಫ್ಯೂಸ್ ಎಂಬ ಸೌಲಭ್ಯದ ಮೂಲಕ ಆ ವ್ಯವಸ್ಥೆಯನ್ನು ತಾತ್ಕಾಲಿಕ ಕಡತಕೋಶವೊಂದಕ್ಕೆ ಜೋಡಿಸಿ, ಒಳಗಿರುವ 'ಆಪ್‌ರನ್' ಅನ್ನು ನಡೆಸುತ್ತದೆ. ತಂತ್ರಾಂಶವನ್ನು ಮುಚ್ಚಿದಾಗ ಜೋಡಣೆ ಕಳಚಿಕೊಳ್ಳುತ್ತದೆ. ಬೇಡವಾದಾಗ ಕಡತವನ್ನು ಅಳಿಸಿದರೆ ತಂತ್ರಾಂಶ ಹೋಗುತ್ತದೆ. ಬಳಕೆದಾರರ ಹೋಮ್ ಕಡತಕೋಶದಲ್ಲಿ ಉಳಿದ ಹೊಂದಿಕೆಗಳು ಮಾತ್ರ ಸಾಮಾನ್ಯವಾಗಿ ಹಾಗೆಯೇ ಇರುತ್ತವೆ.

ಬಳಕೆ

ಇಳಿಸಿಕೊಂಡ ಕಡತದ ಗುಣಲಕ್ಷಣಗಳಲ್ಲಿ 'ಕಾರ್ಯಗತಗೊಳಿಸುವ ಅನುಮತಿ'ಯನ್ನು ನೀಡಬೇಕು. ನಿರ್ವಾಹಕರ ಗುಪ್ತಪದ ಬೇಕಿಲ್ಲ. ಶಾಲೆಯ ಗಣಕಯಂತ್ರ ಕೊಠಡಿಯಲ್ಲಿ ಗುಪ್ತಪದ ಬಲ್ಲವರು ರಜೆಯಲ್ಲಿದ್ದರೆ ಪಾಠವೇ ನಿಲ್ಲುವುದುಂಟು; ಈ ಸ್ವರೂಪದ ನಿಜವಾದ ಪ್ರಯೋಜನ ಅಲ್ಲಿದೆ. ಬಸರಾಳಿನಂತಹ ಹೋಬಳಿ ಕೇಂದ್ರಗಳಲ್ಲಿ ಅಂತರಜಾಲ ದುರ್ಬಲವಾಗಿದ್ದರೆ ಮಂಡ್ಯದಲ್ಲಿ ಒಮ್ಮೆ ಇಳಿಸಿಕೊಂಡ ಕಡತವನ್ನು ಪೆನ್ ಡ್ರೈವ್‌ನಲ್ಲಿ ಒಯ್ದು ಹಲವು ಯಂತ್ರಗಳಿಗೆ ಹಂಚಬಹುದು. ಆದರೆ ಫ್ಯಾಟ್ ಮಾದರಿಯ ಪೆನ್ ಡ್ರೈವ್‌ನಿಂದಲೇ ನಡೆಸಲು ಹೋದರೆ ಅನುಮತಿ ದೊರೆಯದಿರುವ ಸಂಭವವುಂಟು. ಕಡತವನ್ನು ಮೊದಲು ಯಂತ್ರದ ಹೋಮ್ ಕಡತಕೋಶಕ್ಕೆ ನಕಲಿಸಿಕೊಳ್ಳುವುದು ಲೇಸು.

ಕನ್ನಡದಲ್ಲಿ ಬಳಕೆ

ಲಿಬ್ರೆಆಫೀಸ್‌ನ ಎಲ್ಲ ಭಾಷೆಗಳನ್ನೊಳಗೊಂಡ ಪೂರ್ಣ ಆವೃತ್ತಿಯನ್ನು ಆರಿಸಿದರೆ ಕನ್ನಡದ ಪರದೆ ಲಭ್ಯ. ಕನ್ನಡ ಅಕ್ಷರಶೈಲಿಗಳು ಸಾಮಾನ್ಯವಾಗಿ ಆಪ್‌ಇಮೇಜ್‌ನೊಳಗೆ ಇರುವುದಿಲ್ಲ. ಯಂತ್ರದಲ್ಲಿ ಲೋಹಿತ್ ಕನ್ನಡ, ಗುಬ್ಬಿ, ನವಿಲು ಇವುಗಳಲ್ಲಿ ಒಂದಾದರೂ ಇಲ್ಲದಿದ್ದರೆ ಅಕ್ಷರಗಳ ಬದಲು ಚೌಕಗಳು ಕಾಣಬಹುದು. ಬಳಕೆದಾರರು ತಮ್ಮ ಹೋಮ್ ಕಡತಕೋಶದಲ್ಲಿಯೇ ಅಕ್ಷರಶೈಲಿಯನ್ನು ಇರಿಸಿಕೊಳ್ಳಬಹುದಾದ್ದರಿಂದ ಇದಕ್ಕೂ ಗುಪ್ತಪದ ಬೇಡ. ಬೆರಳಚ್ಚಿನ ತೊಡಕು ಇದಕ್ಕಿಂತ ಹಿರಿದು. ಕ್ಯೂಟಿ ಆಧಾರಿತ ತಂತ್ರಾಂಶವನ್ನು ಕಟ್ಟಿದವರು ಐಬಸ್‌ಗೆ ಬೇಕಾದ ಪ್ಲಗಿನ್ ಸೇರಿಸಿರದಿದ್ದರೆ ಅದರಲ್ಲಿ ಕನ್ನಡ ಮೂಡದು. ಬೇರೊಂದು ಪಠ್ಯ ಸಂಪಾದಕದಲ್ಲಿ ಬರೆದು ನಕಲಿಸುವುದೇ ಆಗಿನ ದಾರಿ.

ಮಿತಿಗಳು

ಫ್ಲಾಟ್‌ಪ್ಯಾಕ್, ಸ್ನ್ಯಾಪ್‌ಗಳಲ್ಲಿರುವಂತಹ ರಕ್ಷಣಾ ಬೇಲಿ ಇದರಲ್ಲಿ ತಾನಾಗಿ ಇರುವುದಿಲ್ಲ. ನಡೆಸಿದ ತಂತ್ರಾಂಶವು ಬಳಕೆದಾರರ ಕಡತಗಳನ್ನೆಲ್ಲ ಮುಟ್ಟಬಲ್ಲದು. ಆದುದರಿಂದ ತಯಾರಕರ ಅಧಿಕೃತ ತಾಣದಿಂದಲೇ ಪಡೆಯಬೇಕು. ಉಬುಂಟು 22.04ರಲ್ಲಿ ಹಳೆಯ ಆಪ್‌ಇಮೇಜ್‌ಗಳಿಗೆ ಬೇಕಾದ 'ಲಿಬ್‌ಫ್ಯೂಸ್2' ಮೊದಲೇ ಇರುವುದಿಲ್ಲ. ಅದನ್ನು ಹಾಕಲು ಮತ್ತೆ ನಿರ್ವಾಹಕರೇ ಬರಬೇಕು. ಇಲ್ಲವೇ ಕಡತವನ್ನು ಬಿಚ್ಚಿ ಒಳಗಿನ 'ಆಪ್‌ರನ್' ಅನ್ನು ನೇರವಾಗಿ ನಡೆಸಬೇಕು.