ಟೇಪ್ ರೆಕಾರ್ಡರ್‌ನ ಒಂದು ಕಡೆ ಸದ್ದು ನಿಂತರೆ ಅದು ಗುಜರಿ ಸಾಮಾನೇ? ಒಳಗೆ 'ಕೆಂಪು ಪಾದರಸ' ಇದೆಯೇ?

'ಹಳೆಯ ರೇಡಿಯೊ, ಟೇಪ್ ರೆಕಾರ್ಡರ್ ಇದ್ದರೆ ಬಿಡಬೇಡಿ. ಒಳಗೆ ರೆಡ್ ಮರ್ಕ್ಯುರಿ ಇದೆ, ಲಕ್ಷಗಟ್ಟಲೆ ಬೆಲೆ!' ಈ ಮೆಸೇಜ್ ವರ್ಷಗಳಿಂದ ಸುತ್ತುತ್ತಲೇ ಇದೆ. ಇದಕ್ಕೆ ಜೋಡಿಯಾಗಿ ಇನ್ನೊಂದು ಮಾತು: 'ಒಂದ ಕಡೆ ಸ್ಪೀಕರ್ ಬಂದ್ ಆತಂದ್ರ ಐಸಿ ಸುಟ್ಟೈತಿ, ರಿಪೇರಿ ಆಗೂದಿಲ್ಲ.' ಎರಡನ್ನೂ ನಂಬಿದವರು ಅಟ್ಟದ ಮೇಲಿನ ಟು-ಇನ್-ಒನ್ ಬಿಚ್ಚಿ ಹುಡುಕುತ್ತಾರೆ, ಏನೂ ಸಿಗದಿದ್ದಾಗ ಗುಜರಿಗೆ ಹಾಕುತ್ತಾರೆ. ಆಮೇಲೆ ಟ್ರಂಕಿನಲ್ಲಿರುವ ಕ್ಯಾಸೆಟ್ ಕೇಳಲು ಮನೆಯಲ್ಲಿ ಯಂತ್ರವೇ ಇರುವುದಿಲ್ಲ.

ಧಾರವಾಡ ಜಿಲ್ಲೆಯ ಹಳ್ಳಿಗಳಿಗೆ ಇದು ಸಣ್ಣ ನಷ್ಟವಲ್ಲ. ಕುಂದಗೋಳ ಸವಾಯಿ ಗಂಧರ್ವರ ಊರು. ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರ ಗಾಯನ ಇವತ್ತು ಮೊಬೈಲಿನಲ್ಲೇ ಸಿಗುತ್ತದೆ. ಆದರೆ ನಿಮ್ಮೂರಿನ ಭಜನಾ ಮೇಳ, ದೊಡ್ಡಾಟ, ಅಜ್ಜಿಯ ಬೀಸುವ ಪದ ಮನೆಯಲ್ಲೇ ರೆಕಾರ್ಡ್ ಆಗಿದ್ದರೆ, ಅದರ ಪ್ರತಿ ಇರುವುದು ಆ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ.

ಕೆಂಪು ಪಾದರಸದ ಕಥೆ

ಮೆಸೇಜಿನಲ್ಲಿ ಹೇಳುವಂಥ ಅದ್ಭುತ ಶಕ್ತಿಯ 'ರೆಡ್ ಮರ್ಕ್ಯುರಿ' ಇದೆ ಎಂದು ಯಾರೂ ಇದುವರೆಗೆ ತೋರಿಸಿಲ್ಲ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಇದೇ ವದಂತಿ ಹಳೆಯ ಸಿಂಗರ್ ಹೊಲಿಗೆ ಯಂತ್ರಗಳ ಹೆಸರಿನಲ್ಲಿ ಹಬ್ಬಿ, ಜನ ಅವುಗಳಿಗೆ ವಿಪರೀತ ಬೆಲೆ ಕೊಟ್ಟಿದ್ದರು. ವಾಲ್ವ್ ರೇಡಿಯೊಗಳ ಗಾಜಿನ ಬುರುಡೆಯೊಳಗೆ ಬೆಳ್ಳಿಯಂತೆ ಹೊಳೆಯುವ ಪದರ ಕಾಣುತ್ತದೆ. ಅದು ಸಾಮಾನ್ಯವಾಗಿ ಬೇರಿಯಂ. ಒಳಗೆ ಉಳಿದ ಅನಿಲವನ್ನು ಹೀರಿಕೊಳ್ಳಲು ಹಾಕಿದ್ದು. ಕ್ಯಾಸೆಟ್ ಕಾಲದ ಸ್ಟೀರಿಯೊಗಳಲ್ಲಂತೂ ವಾಲ್ವೂ ಇರುವುದಿಲ್ಲ, ಟ್ರಾನ್ಸಿಸ್ಟರ್ ಮತ್ತು ಐಸಿ ಅಷ್ಟೇ.

ಕೆಲವು ಸೆಟ್ಟುಗಳಲ್ಲಿ ಹೆಡ್ ಪಕ್ಕದ ಸ್ಕ್ರೂ ಮೇಲೆ ಕೆಂಪು ಬೊಟ್ಟು ಇರುವುದು ನಿಜ. ಅದು ಬಣ್ಣ. ಹೆಡ್ಡಿನ ಓರೆಯನ್ನು ಸರಿಹೊಂದಿಸಿದ ಮೇಲೆ ಸ್ಕ್ರೂ ತಿರುಗದಿರಲಿ ಎಂದು ಹಚ್ಚಿದ್ದು. 'ಮರ್ಕ್ಯುರಿ' ಎಂದು ಅದನ್ನು ಕೆರೆದು ಸ್ಕ್ರೂ ಅಲುಗಾಡಿಸಿದರೆ ಇದ್ದ ಸದ್ದೂ ಮಂಕಾಗುತ್ತದೆ.

ದೋಷ ಎಲ್ಲಿದೆ?

ಸೆಟ್ ಬಿಚ್ಚುವ ಮೊದಲು ಬ್ಯಾಲೆನ್ಸ್ ಗುಂಡಿ ನಡುವೆ ಇದೆಯೇ ನೋಡಿ. ನಗಬೇಡಿ, ಎಷ್ಟೋ ಸಲ ದೋಷ ಇಷ್ಟೇ.

ನಂತರ ರೇಡಿಯೊ ಹಾಕಿ, ಮೀಡಿಯಂ ವೇವ್‌ಗೆ ತಿರುಗಿಸಿ. ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಜಾಗವಾದರೂ ಸರಿ, ಸ್ಟೇಷನ್ ಇಲ್ಲದ ಕಡೆಯ 'ಶ್' ಸದ್ದಾದರೂ ಸರಿ. ಈ ಸೆಟ್ಟುಗಳಲ್ಲಿ ಮೀಡಿಯಂ ವೇವ್ ಮೊನೊ, ಅಂದರೆ ಎರಡೂ ಸ್ಪೀಕರಿಗೆ ಹೋಗುವುದು ಒಂದೇ ಸದ್ದು. ಎರಡೂ ಕಡೆ ಸಮವಾಗಿ ಕೇಳಿದರೆ ಸ್ಪೀಕರ್, ಆಂಪ್ಲಿಫೈಯರ್, ವಾಲ್ಯೂಮ್ ಚೆನ್ನಾಗಿವೆ. ದೋಷ ಟೇಪಿನ ಭಾಗದಲ್ಲಿದೆ. ರೇಡಿಯೊದಲ್ಲೂ ಒಂದೇ ಕಡೆ ಬಂದರೆ ತೊಂದರೆ ಅದರ ಮುಂದಿನ ದಾರಿಯಲ್ಲಿದೆ.

ಆಗ ಹೆಡ್‌ಫೋನ್ ಹಾಕಿ ನೋಡಿ. ಕಿವಿಯಲ್ಲಿ ಎರಡೂ ಕಡೆ ಸದ್ದು ಬಂದರೆ 'ಐಸಿ ಸುಟ್ಟಿದೆ' ಎಂಬ ಮಾತು ಅಲ್ಲಿಗೇ ಬಿದ್ದುಹೋಯಿತು. ಹೆಡ್‌ಫೋನ್ ಜಾಕಿನೊಳಗೆ ಪುಟ್ಟ ತಗಡಿನ ಸ್ವಿಚ್ ಇರುತ್ತದೆ. ಪಿನ್ ಹಾಕಿದಾಗ ಅದು ಸ್ಪೀಕರನ್ನು ಕಡಿದುಹಾಕುತ್ತದೆ, ತೆಗೆದಾಗ ಮತ್ತೆ ಜೋಡಿಸಬೇಕು. ವರ್ಷಗಟ್ಟಲೆ ಬಳಸದೆ ಆ ತಗಡು ಕಿಲುಬು ಹಿಡಿದರೆ ಒಂದು ಸ್ಪೀಕರ್ ಮೂಕ. ಪಿನ್ನನ್ನು ಹತ್ತಿಪ್ಪತ್ತು ಸಲ ಹಾಕಿ ತೆಗೆದರೆ ಬಹಳಷ್ಟು ಸಲ ಸದ್ದು ವಾಪಸ್ ಬರುತ್ತದೆ. ಖರ್ಚು ಸೊನ್ನೆ.

ಬರದಿದ್ದರೆ ಸ್ಪೀಕರನ್ನೇ ಪರೀಕ್ಷಿಸಿ. ಪ್ಲಗ್ ಕಿತ್ತು, ಸೆಲ್ ತೆಗೆದು, ಸ್ಪೀಕರಿನ ಒಂದು ತಂತಿ ಬಿಡಿಸಿ, ಅದರ ಎರಡು ತುದಿಗೆ 1.5 ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ತಾಗಿಸಿ. 'ಟಪ್' ಎಂದರೆ ಅದರ ಸುರುಳಿ ಬದುಕಿದೆ. ಹೆಡ್‌ಫೋನಿನಲ್ಲೂ ಒಂದು ಕಡೆ ಸತ್ತಿದ್ದರೆ ಮಾತ್ರ ಐಸಿ ಅಥವಾ ಬಿಟ್ಟುಹೋದ ಬೆಸುಗೆಯ ಅನುಮಾನ. ಅಲ್ಲಿಗೆ ಮೆಕ್ಯಾನಿಕ್ ಬೇಕು.

ಕರಕರ, ಮಂಕು, ಗುಂಯ್

ವಾಲ್ಯೂಮ್ ತಿರುಗಿಸಿದಾಗ ಕರಕರ ಎನ್ನುತ್ತಿದೆಯೇ? ಗುಂಡಿಯ ಒಳಗೆ ಕಾರ್ಬನ್ ಪಟ್ಟಿಯ ಮೇಲೆ ಲೋಹದ ಕಡ್ಡಿ ಜಾರುತ್ತದೆ. ಎಡಕ್ಕೊಂದು, ಬಲಕ್ಕೊಂದು ಪಟ್ಟಿ. ನವಲಗುಂದ, ಅಣ್ಣಿಗೇರಿಯ ಯರಿ ಭೂಮಿಯ ನುಣ್ಣನೆಯ ಧೂಳು ಇಲ್ಲಿ ಸೇರಿಕೊಳ್ಳುವುದು ಸುಲಭ. ಮಲೆನಾಡಿನ ಸೆರಗಿನ ಕಲಘಟಗಿ ಕಡೆ ಮಳೆಗಾಲದ ತೇವ ರೇಡಿಯೊ-ಟೇಪ್ ಸ್ವಿಚ್ಚಿಗೆ ಕಿಲುಬು ತರಿಸಬಹುದು. ಎರಡಕ್ಕೂ ಮದ್ದು ಒಂದೇ: ಸೆಟ್ ಬಂದ್ ಮಾಡಿ ಕಾಂಟ್ಯಾಕ್ಟ್ ಕ್ಲೀನರ್ ತುಸು ಹಾಕಿ, ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ಮೂವತ್ತು ಸಲ ತಿರುಗಿಸಿ, ಒಣಗಲು ಬಿಡಿ. ಫಾರ್ವರ್ಡ್‌ಗಳು ಹೇಳುವ ಕೊಬ್ಬರಿ ಎಣ್ಣೆ ಬೇಡ, ಧೂಳನ್ನು ಇನ್ನಷ್ಟು ಹಿಡಿಯುತ್ತದೆ. ಸೀಮೆಎಣ್ಣೆ, ಪೆಟ್ರೋಲ್ ಬೇಡವೇ ಬೇಡ.

ಟೇಪಿನಲ್ಲಿ ಮಾತ್ರ ಸದ್ದು ಮಂಕಾಗಿದ್ದರೆ ಅಥವಾ ಒಂದು ಕಡೆ ಇಲ್ಲದಿದ್ದರೆ ಹೆಡ್ ನೋಡಿ. ಕ್ಯಾಸೆಟ್ಟಿನ ಟೇಪು 3.81 ಮಿಲಿಮೀಟರ್ ಅಗಲ. ಅದರಲ್ಲಿ ನಾಲ್ಕು ಜಾಡು, ಒಂದೊಂದೂ ಸುಮಾರು 0.6 ಮಿಲಿಮೀಟರ್. ಟೇಪಿನಿಂದ ಉದುರಿದ ಕಂದು ಪುಡಿ ಹೆಡ್ಡಿನ ಮೇಲೆ ಒಂದು ಚುಕ್ಕೆಯಷ್ಟು ಅಂಟಿದರೂ ಒಂದು ಕಡೆಯ ದನಿ ಮುಚ್ಚಿಹೋಗಲು ಸಾಕು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಸ್ಯಾನಿಟೈಸರ್ ಬೇಡ, ಹಲವು ಸ್ಯಾನಿಟೈಸರ್‌ಗಳಲ್ಲಿ ಗ್ಲಿಸರಿನ್ ಇದ್ದು, ಜಿಡ್ಡು ಉಳಿಸುತ್ತವೆ. ನೇಲ್ ಪಾಲಿಶ್ ರಿಮೂವರ್ ಪ್ಲಾಸ್ಟಿಕ್ಕನ್ನೇ ಕರಗಿಸೀತು.

ಹಾಡಿನ ಹಿಂದೆ 'ಗುಂಯ್' ಎಂಬ ಸದ್ದಿದ್ದರೆ ಕರೆಂಟ್ ತೆಗೆದು ಸೆಲ್ ಮೇಲೆ ಹಚ್ಚಿ. ಸದ್ದು ನಿಂತರೆ ದೋಷ ಕರೆಂಟಿನ ಭಾಗದಲ್ಲಿದೆ, ಹೆಚ್ಚಾಗಿ ಒಣಗಿದ ಕೆಪಾಸಿಟರ್. ಕರೆಂಟಿನ ಟ್ರಾನ್ಸ್‌ಫಾರ್ಮರ್ ಇರುವ ಈ ಭಾಗಕ್ಕೆ ನೀವು ಕೈಹಾಕಬೇಡಿ.

ಬೆಲೆಬಾಳುವ ಕ್ಯಾಸೆಟ್ ಹಾಕುವ ಮೊದಲು

ಮೊದಲು ಕಳೆದುಕೊಂಡರೂ ಅಡ್ಡಿಯಿಲ್ಲದ ಕ್ಯಾಸೆಟ್ ಹಾಕಿ ಅರ್ಧ ಗಂಟೆ ಓಡಿಸಿ. ಹಳತಾಗಿ ಅಂಟಂಟಾದ ರಬ್ಬರ್ ರೋಲರ್ ಟೇಪನ್ನು ಸುತ್ತಿಕೊಂಡು ನುಂಗುತ್ತದೆ. ಬೆಲ್ಟ್ ಸಡಿಲವಾಗಿದ್ದರೆ ದನಿ ಎಳೆದೆಳೆದು ಅತ್ತಂತೆ ಕೇಳುತ್ತದೆ. ಹೊಸ ಬೆಲ್ಟ್ ಹಾಕಿಸಿ. ಅಜ್ಜಿಯ ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಮುರಿದುಬಿಡಿ. ಆಮೇಲೆ ಯಾರಾದರೂ ತಪ್ಪಿ ಒತ್ತಿದರೂ ರೆಕಾರ್ಡ್ ಗುಂಡಿ ಕೆಳಗಿಳಿಯುವುದಿಲ್ಲ, ಇದ್ದದ್ದು ಅಳಿಸುವುದಿಲ್ಲ.

ಸ್ಪೀಕರ್ ಸರಿಹೋಗದಿದ್ದರೂ ಚಿಂತೆಯಿಲ್ಲ. ಹೆಡ್‌ಫೋನ್ ಜಾಕಿನಿಂದ ಕಂಪ್ಯೂಟರಿನ ಲೈನ್-ಇನ್‌ಗೆ ತಂತಿ ಹಾಕಿ, ಸದ್ದು ಒಡೆಯದಷ್ಟು ವಾಲ್ಯೂಮ್ ಇಟ್ಟು ರೆಕಾರ್ಡ್ ಮಾಡಿಕೊಳ್ಳಿ. 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷವೇ ಬೇಕು, ನಡುವೆ ಒಮ್ಮೆ ಎದ್ದು ಮಗ್ಗಲು ಬದಲಿಸಬೇಕು.